ಅವಳು ಊರು ಬಿಟ್ಟದ್ದೇಕೆ?

ಅಮೆರಿಕದ ಟೀವಿಗಾಗಿ ತಯಾರಾಗುವ ಕ್ರಿಸ್‌ಮಸ್ ಪ್ರೇಮಕಥೆಗಳನ್ನು ನೀವು ನೋಡಿರದಿದ್ದರೆ ಚಿಂತೆಯಿಲ್ಲ. ಒಂದರ ಕಥೆ ಹೇಳಿದರೆ ನೂರರ ಕಥೆ ಹೇಳಿದ ಹಾಗೆ. ನ್ಯೂಯಾರ್ಕಿನಲ್ಲೋ ಶಿಕಾಗೋದಲ್ಲೋ ದೊಡ್ಡ ಕೆಲಸದಲ್ಲಿರುವ ಹೆಣ್ಣುಮಗಳು. ಕೈಯಲ್ಲಿ ಸದಾ ಫೋನು. ಅವಳಿಗೊಬ್ಬ ಗೆಳೆಯ, ಅವನ ಕೈಯಲ್ಲೂ ಫೋನು. ಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ ಏನೋ ಕಾರಣಕ್ಕೆ ಅವಳು ಹುಟ್ಟಿದೂರಿಗೆ ಬರಬೇಕಾಗುತ್ತದೆ. ಅಪ್ಪನ ಬೇಕರಿ ಮುಚ್ಚುವ ಸ್ಥಿತಿಯಲ್ಲಿದೆ, ಇಲ್ಲವೇ ಅಜ್ಜಿಯ ಲಾಡ್ಜನ್ನು ಯಾವುದೋ ಕಂಪನಿ ಕೊಳ್ಳಲು ಬಂದಿದೆ. ಊರಲ್ಲಿ ಹಳೆಯ ಸಹಪಾಠಿ ಸಿಗುತ್ತಾನೆ. ಅವನು ಬಡಗಿ, ಅಥವಾ ಕ್ರಿಸ್‌ಮಸ್ ಮರ ಬೆಳೆಸುವ ರೈತ. ಹೆಚ್ಚಾಗಿ ಹೆಂಡತಿ ತೀರಿಕೊಂಡವನು, ಜೊತೆಗೊಬ್ಬಳು ಚೂಟಿ ಮಗಳು. ಮೊದಲು ಜಗಳ, ಆಮೇಲೆ ಒಟ್ಟಿಗೆ ಕುಕೀಸ್ ಮಾಡುವುದು, ನಡುವೆ ಒಂದು ತಪ್ಪು ತಿಳುವಳಿಕೆ, ಕೊನೆಗೆ ಹಿಮ ಉದುರುವಾಗ ಒಂದು ಮುತ್ತು. ಪಟ್ಟಣದ ಕೆಲಸಕ್ಕೆ ರಾಜೀನಾಮೆ. ಶುಭಂ.

ಮುಂಬೈಗೆ ಬಂದು ಮೂವತ್ತು ವರ್ಷವಾದ ನನ್ನಂಥವಳು ಇದನ್ನು ನೋಡಿದ್ದಲ್ಲದೆ, ಹೊರನಾಡ ಬದುಕಿನ ಪುಸ್ತಕದಲ್ಲಿ ಇದರ ವಿಷಯ ಯಾಕೆ ಬರೆಯಬೇಕು ಅಂತ ನೀವು ಕೇಳಬಹುದು. ಇವಕ್ಕೆ ಪ್ರೇಮಕಥೆ ಅಂತ ಹೆಸರಿದ್ದರೂ ಒಳಗಿರುವುದು ಊರು ಬಿಟ್ಟವಳು ಊರಿಗೆ ಮರಳುವ ಕಥೆ. ನಾಯಕ ಬರೀ ನೆಪ. ಅವಳು ಮದುವೆಯಾಗುವುದು ಊರನ್ನೇ. ಹಾಗಾಗಿ ಹೊರಗಿರುವ ಯಾರಿಗಾದರೂ ಈ ಸಿನಿಮಾಗಳಿಗೆ ಒಂದು ಪ್ರಶ್ನೆ ಕೇಳುವ ಹಕ್ಕಿದೆ ಅಂತ ನನಗನ್ನಿಸುತ್ತದೆ.

ಮೊದಲು ಇದರ ವ್ಯಾಪಾರ ನೋಡೋಣ. ಹಾಲ್‌ಮಾರ್ಕ್ ಅನ್ನುವುದು 1910ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಶುರುವಾದ ಶುಭಾಶಯ ಪತ್ರಗಳ ಕಂಪನಿ. ಅದರ ಹೆಸರಿನ ಟೀವಿ ಚಾನೆಲ್ಲು ಅಮೆರಿಕದಲ್ಲಿ ಬಂದದ್ದು 2001ರಲ್ಲಿ. 2009ರಿಂದ ಪ್ರತಿವರ್ಷ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಇಂಥ ಸಿನಿಮಾಗಳ ಸರಣಿ ಶುರು. ಈಚಿನ ವರ್ಷಗಳಲ್ಲಿ ಅಕ್ಟೋಬರಿನಲ್ಲೇ ಆರಂಭ. 2019ರಲ್ಲಿ ಅದರ ಎರಡು ಚಾನೆಲ್ಲುಗಳಿಗೆ ಸೇರಿ 40 ಹೊಸ ಚಿತ್ರಗಳು ಬಂದವು. ಒಂದೇ ಹಬ್ಬ, ಒಂದೇ ಕಥೆ, 40 ಸಲ. ಲೈಫ್‌ಟೈಮ್ ಚಾನೆಲ್ಲು ಇದೇ ದಾರಿ ಹಿಡಿಯಿತು. ನೆಟ್‌ಫ್ಲಿಕ್ಸ್ 2017ರಲ್ಲಿ 'ಎ ಕ್ರಿಸ್‌ಮಸ್ ಪ್ರಿನ್ಸ್' ಮಾಡಿದ ಮೇಲೆ ಮುಂಬೈಯ ಎರಡು ಕೋಣೆಯ ಫ್ಲಾಟಿಗೂ ಈ ಹಿಮ ಬಂದು ಬಿತ್ತು.

ಬರೆಯುವವರ ಕಷ್ಟವನ್ನೂ ಹೇಳಬೇಕು. ಈ ಸಂತೆಯಲ್ಲಿ ಮೊದಲು ಮಾರಾಟವಾಗುವುದು ಒಂದೆಳೆ ಕಥೆ. ಎರಡು ವಾಕ್ಯದಲ್ಲಿ ಯಾರು, ಯಾವ ಊರು, ಏನು ಅಡ್ಡಿ, ಯಾವ ಹಬ್ಬ ಅಂತ ಹೇಳಿ ಮುಗಿಸಬೇಕು. ಶೀರ್ಷಿಕೆಯಲ್ಲೇ ಕ್ರಿಸ್‌ಮಸ್ ಇದ್ದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಬರಹಗಾರ ಅದನ್ನು ನಿರ್ಮಾಣ ಸಂಸ್ಥೆಗೆ ಕೊಡುತ್ತಾನೆ, ಸಂಸ್ಥೆ ಚಾನೆಲ್ಲಿಗೆ ಒಯ್ಯುತ್ತದೆ. ಚಾನೆಲ್ಲು ಒಪ್ಪಿದ ಮೇಲೆ ಇಡೀ ಕಥೆಯನ್ನು ಸಾಮಾನ್ಯವಾಗಿ ಒಂಬತ್ತು ಅಂಕಗಳಾಗಿ ಕತ್ತರಿಸಬೇಕು. ಯಾಕೆಂದರೆ ನಡುವೆ ಜಾಹೀರಾತು ಬರುತ್ತದೆ. ಎರಡು ಗಂಟೆಯ ಅವಧಿಯಲ್ಲಿ ಸಿನಿಮಾ ಇರುವುದು ಹೆಚ್ಚುಕಡಿಮೆ 85 ನಿಮಿಷ, ಉಳಿದದ್ದು ಜಾಹೀರಾತಿಗೆ. ಪ್ರತಿ ಅಂಕದ ಕೊನೆಗೆ ನೋಡುವವಳು ಬೇರೆ ಚಾನೆಲ್ಲಿಗೆ ಹೋಗದ ಹಾಗೆ ಒಂದು ಸಣ್ಣ ಕೊಕ್ಕೆ ಬೇಕು. ನಡುವಿನಲ್ಲೆಲ್ಲೋ ಮುತ್ತು ಕೊಡುವಷ್ಟರಲ್ಲಿ ಯಾರೋ ಬಂದು ಬಾಗಿಲು ತಟ್ಟಬೇಕು. ಕೊನೆಯ ಅಂಕಕ್ಕೆ ಮೊದಲು ಇಬ್ಬರೂ ಮುನಿಸಿಕೊಳ್ಳಬೇಕು. ನಮ್ಮ ಧಾರಾವಾಹಿ ಬರೆಯುವವರಿಗೆ ಈ ಲೆಕ್ಕ ಹೊಸದೇನಲ್ಲ. ಇಷ್ಟು ಬಿಗಿಯಾದ ಚೌಕಟ್ಟಿನಲ್ಲಿ ಒಂದು ತಮಾಷೆಯ ಮಾತು, ಒಂದು ನಿಜವಾದ ಅಜ್ಜಿಯನ್ನು ತಂದು ಕೂರಿಸುವುದು ಸುಲಭದ ಕೆಲಸವಲ್ಲ. ಅದನ್ನು ಮಾಡಿ ತೋರಿಸಿದ ಬರಹಗಾರರು ಅಲ್ಲಿದ್ದಾರೆ.

ಇನ್ನು ಊರು. ಪರದೆಯ ಮೇಲೆ ಅದು ಅಮೆರಿಕದ ವರ್ಮಾಂಟ್ ರಾಜ್ಯದ ಹಳ್ಳಿ. ಚಿತ್ರೀಕರಣವಾಗುವುದು ಬಹುಪಾಲು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೋ ಒಂಟಾರಿಯೋದಲ್ಲೋ. ಎಷ್ಟೋ ಸಲ ಬೇಸಿಗೆಯಲ್ಲಿ. ಹುಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೃತಕ ಹಿಮ ಹಾರಿಸಿ, ಉಣ್ಣೆಯ ಕೋಟು ತೊಟ್ಟ ನಟರು ಬೆವರುತ್ತಾ ಚಳಿಗೆ ನಡುಗುತ್ತಾರೆ. ಎರಡು ಮೂರು ವಾರಗಳಲ್ಲಿ ಒಂದು ಸಿನಿಮಾ ಮುಗಿಯುತ್ತದೆ. ಅಲ್ಲಿಗೇ ಯಾಕೆ ಹೋಗುತ್ತಾರೆ ಅಂದರೆ ತೆರಿಗೆ ರಿಯಾಯಿತಿ. ಚಿತ್ರ ಕೆನಡಾದ್ದೇ ಅನ್ನಿಸಿಕೊಂಡು ಆ ರಿಯಾಯಿತಿ ಪಡೆಯಲು ಬಹುಕಾಲದಿಂದ ನಡೆದುಬಂದ ಒಂದು ಅಂಕಗಳ ಲೆಕ್ಕವಿದೆ: ಹತ್ತರಲ್ಲಿ ಕನಿಷ್ಠ ಆರು. ಬರಹಗಾರನಿಗೆ ಎರಡು, ನಿರ್ದೇಶಕನಿಗೆ ಎರಡು. ಇಬ್ಬರಲ್ಲಿ ಒಬ್ಬರಾದರೂ ಕೆನಡಾದವರಾಗಿರಬೇಕು. 'ಹಣಕ್ಕಿಂತ ಊರು ದೊಡ್ಡದು' ಎಂದು ಸಾರುವ ಸಿನಿಮಾ ಹಣ ಎಲ್ಲಿ ಉಳಿಯುತ್ತದೋ ಆ ಊರಿಗೆ ಹೋಗಿ ತಯಾರಾಗುತ್ತದೆ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಕೆನಡಾದ ಬಡಗಿಗಳು, ದೀಪದವರು, ಅಡುಗೆಯವರು ಇದರಿಂದ ಬದುಕುತ್ತಿದ್ದಾರೆ. ಕೆಲಸ ಎಲ್ಲಿದೆಯೋ ಅಲ್ಲಿ ಜನ ಇರುತ್ತಾರೆ ಅನ್ನುವ ಸರಳ ಸತ್ಯ ಕ್ಯಾಮೆರಾದ ಹಿಂದೆ ನಿಂತವರಿಗೆಲ್ಲ ಗೊತ್ತು. ಕ್ಯಾಮೆರಾದ ಮುಂದೆ ಮಾತ್ರ ಅದನ್ನು ಯಾರೂ ಆಡುವುದಿಲ್ಲ.

ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಈ ಕಥೆಗಳ ಆರಂಭದಲ್ಲಿ ನಿಜವಾದ ಒಂದು ಹೆದರಿಕೆ ಇದೆ. ಬೇಕರಿ ಮುಚ್ಚುತ್ತಿದೆ, ಲಾಡ್ಜಿಗೆ ಗಿರಾಕಿಯಿಲ್ಲ, ಮರದ ತೋಟಕ್ಕೆ ಸಾಲ. ಸಣ್ಣ ಊರುಗಳ ದುಡಿಮೆ ಕುಸಿಯುತ್ತಿದೆ ಅಂತ ಬರಹಗಾರನಿಗೆ ಗೊತ್ತು, ನೋಡುವವಳಿಗೂ ಗೊತ್ತು. ಆದರೆ ಮುಂದೆ ನೋಡಿ. 2022ರ 'ಫಾಲಿಂಗ್ ಫಾರ್ ಕ್ರಿಸ್‌ಮಸ್'ನಲ್ಲಿ ಮುಳುಗುತ್ತಿರುವ ಲಾಡ್ಜು ಒಂದು ಹಬ್ಬದ ಸಂಜೆ ಊರವರು ಸೇರಿ ಎತ್ತಿದ ಹಣದಿಂದ ಉಳಿದುಬಿಡುತ್ತದೆ. ಒಳ್ಳೆಯ ದೃಶ್ಯ, ನನ್ನ ಕಣ್ಣಲ್ಲೂ ನೀರು ಬಂತು. ಆದರೆ ಜನವರಿಯಲ್ಲಿ ಕರೆಂಟ್ ಬಿಲ್ಲು ಬರುವುದಿಲ್ಲವೇ?

'ಅವಳು ಊರು ಬಿಟ್ಟದ್ದು ಯಾಕೆ' ಅನ್ನುವುದಕ್ಕೆ ಈ ಸಿನಿಮಾಗಳ ಉತ್ತರ ಯಾವಾಗಲೂ ಒಂದೇ: ಮಹತ್ವಾಕಾಂಕ್ಷೆ. ಅವಳಿಗೆ ಹೆಸರು ಬೇಕಿತ್ತು, ಎತ್ತರದ ಕಟ್ಟಡದಲ್ಲಿ ಆಫೀಸು ಬೇಕಿತ್ತು. ಊರಲ್ಲಿ ಕೆಲಸ ಇರಲಿಲ್ಲ ಅಂತ ಅವಳ ಬಾಯಲ್ಲಿ ಒಂದು ಮಾತು ಬರುವುದಿಲ್ಲ. ಬಿಟ್ಟದ್ದು ಬರೀ ಮನಸ್ಸಿನ ಆಟವಾದರೆ ಮರಳುವುದೂ ಬರೀ ಮನಸ್ಸು ಮಾಡುವ ವಿಷಯವಾಗುತ್ತದೆ. ಮೋಸ ಇರುವುದು ಇಲ್ಲೇ. ಸುಖಾಂತ್ಯದ ಬಗ್ಗೆ ನನಗೆ ತಕರಾರಿಲ್ಲ. ಆ ಸುಖಾಂತ್ಯಕ್ಕೆ ಬೆಲೆಯೇ ಇಲ್ಲ ಅನ್ನುವುದು ತಕರಾರು.

2017ರ 'ಕ್ರಿಸ್‌ಮಸ್ ಇನ್ ಎವರ್‌ಗ್ರೀನ್' ಚಿತ್ರದಲ್ಲಿ ಪಶುವೈದ್ಯೆಯೊಬ್ಬಳು ತನ್ನ ಪುಟ್ಟ ಊರು ಬಿಟ್ಟು ವಾಷಿಂಗ್ಟನ್ನಿಗೆ ಹೊರಟು ನಿಂತಿದ್ದಾಳೆ. ಕೊನೆಗೆ ಊರಲ್ಲೇ ಉಳಿಯುತ್ತಾಳೆ. ಆ ಊರಿನ ಕಲ್ಪನೆ ಹುಟ್ಟಿದ್ದೇ ಹಾಲ್‌ಮಾರ್ಕಿನ ಶುಭಾಶಯ ಪತ್ರದ ಚಿತ್ರದಿಂದ. ಕೆಂಪು ಟ್ರಕ್ಕು, ಹಿಮ, ದೀಪ. ಪತ್ರದ ಮೇಲಿನ ಊರಿಗೆ ಹಿತ್ತಿಲು ಇರುವುದಿಲ್ಲ. ಅಲ್ಲಿ ಬಾವಿ ಬತ್ತುವುದಿಲ್ಲ, ಪಾಲುಪಟ್ಟಿಯ ಜಗಳ ಇಲ್ಲ, ಹಾಸಿಗೆ ಹಿಡಿದ ಅತ್ತೆ ಇಲ್ಲ.

ನಮ್ಮಲ್ಲೂ ಊರಿಗೆ ಮರಳುವ ಒಂದು ದೊಡ್ಡ ಸಿನಿಮಾ ಇದೆಯಲ್ಲ, 1972ರ 'ಬಂಗಾರದ ಮನುಷ್ಯ'. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಹೋದವರಿದ್ದಾರೆ ಅಂತ ಇವತ್ತಿಗೂ ಹೇಳುತ್ತಾರೆ. ಆದರೆ ರಾಜೀವ ಹಳ್ಳಿಯಲ್ಲಿ ಉಳಿಯುವುದು ಹಬ್ಬದ ಸಡಗರ ನೋಡಿ ಅಲ್ಲ, ಭಾವ ಸತ್ತು ಅಕ್ಕನ ಸಂಸಾರ ಬೀದಿಗೆ ಬೀಳುವ ಹೊತ್ತಿನಲ್ಲಿ. ಬಂಡೆ ಒಡೆದು ನೆಲ ಮಾಡುತ್ತಾನೆ. ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ ತಾನೇ ಸಾಕಿದ ಮನೆಯಲ್ಲಿ ಅನುಮಾನದ ಮಾತು ಕೇಳಿ ಎದ್ದು ಹೊರಟುಹೋಗುತ್ತಾನೆ. ಆ ಚಿತ್ರದಲ್ಲೂ ಉತ್ಪ್ರೇಕ್ಷೆ ಬೇಕಾದಷ್ಟಿದೆ. ಆದರೂ ಊರಿಗೆ ಮರಳುವುದಕ್ಕೆ ಏನು ತೆರಬೇಕು ಅಂತ ಅದು ಹೇಳಿದೆ. ಹಾಗೆ ಹೇಳಿಯೂ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಜನಕ್ಕೆ ಬೆಲೆ ಹೇಳಿದರೆ ಓಡಿಹೋಗುತ್ತಾರೆ ಅನ್ನುವ ಚಾನೆಲ್ಲುಗಳ ಭಯಕ್ಕೆ ಇದು ಒಂದು ಉತ್ತರ.

ಈಗ ನಮ್ಮ ಕಡೆ ಬನ್ನಿ. ಕರಾವಳಿಯ ಹುಡುಗರು ಮುಂಬೈಗೆ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಮೆಟ್ರಿಕ್ ಮಾಡಿದ್ದು ಮಹತ್ವಾಕಾಂಕ್ಷೆಯಿಂದ ಅಂತ ಹೇಳಿದರೆ ಅವರೇ ನಕ್ಕಾರು. ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚಿದ್ದವು, ಗದ್ದೆ ಚಿಕ್ಕದಿತ್ತು. ಯಾದಗಿರಿ, ಕಲಬುರಗಿ ಕಡೆಯಿಂದ ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಬರುವವರಿಗೆ ಆ ಕಡೆಯ ಭಾಷೆಯಲ್ಲೇ ಒಂದು ಮಾತಿದೆ: ಗುಳೆ ಹೋಗುವುದು. ಆ ಪದದಲ್ಲಿ ಆಸೆಯ ವಾಸನೆ ಇಲ್ಲ, ಮಳೆ ಬಾರದ ವರ್ಷದ ವಾಸನೆ ಇದೆ. ಅವರಿಗೆ ಯಾವ ಬೇಕರಿ ಕಾಯುತ್ತಿದೆ?

ಬಿಟ್ಟು ಬಂದವರೆಲ್ಲ ಹೊಟ್ಟೆಪಾಡಿಗೇ ಬಂದವರೂ ಅಲ್ಲ. ಜಾತಿ ಕೇಳದ ಬಾಡಿಗೆ ಕೋಣೆ, ರಾತ್ರಿ ಹತ್ತಕ್ಕೆ ಒಬ್ಬಳೇ ಲೋಕಲ್ ಹತ್ತುವ ಧೈರ್ಯ, ಯಾರ ಜೊತೆ ಬದುಕಬೇಕು ಅಂತ ತಾನೇ ತೀರ್ಮಾನಿಸುವ ಅವಕಾಶ, ಇವುಗಳಿಗಾಗಿ ಬಂದವರಿದ್ದಾರೆ. ಮುಂಬೈ ಅವೆಲ್ಲವನ್ನೂ ಕೊಟ್ಟಿತು ಅಂತಲ್ಲ, ಕೇಳುವುದಕ್ಕಾದರೂ ಬಿಟ್ಟಿತು. ಅಂಥವರಿಗೆ ಊರಿನ ದೀಪದ ಸಾಲು ಬೇರೆ ಥರ ಕಾಣುತ್ತದೆ. ಹಾಲ್‌ಮಾರ್ಕಿನ ಊರಿಗೂ ಈ ಪರೀಕ್ಷೆ ಬಂತು. 2019ರ ಡಿಸೆಂಬರಿನಲ್ಲಿ ಇಬ್ಬರು ವಧುಗಳು ಮುತ್ತಿಡುವ ಒಂದು ಮದುವೆ ಜಾಹೀರಾತನ್ನು ಚಾನೆಲ್ಲು ಒತ್ತಡಕ್ಕೆ ಮಣಿದು ತೆಗೆದುಹಾಕಿತು. ಜನ ತಿರುಗಿಬಿದ್ದಾಗ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ನಿರ್ಧಾರ ಬದಲಿಸಿತು. 2020ರ 'ದ ಕ್ರಿಸ್‌ಮಸ್ ಹೌಸ್'ನಲ್ಲಿ ಮಗುವನ್ನು ದತ್ತು ಪಡೆಯಲು ಕಾಯುವ ಗಂಡು ಜೋಡಿಯೊಂದು ಆ ಮನೆಯೊಳಗೆ ಬಂತು. ಬಾಗಿಲು ತೆರೆಯಿತು, ಸಂತೋಷ. ಆದರೆ ಅಷ್ಟು ವರ್ಷ ಅದು ಯಾರ ಮುಖಕ್ಕೆ ಮುಚ್ಚಿತ್ತು ಅನ್ನುವ ಕಥೆಯನ್ನು ಇನ್ನೂ ಹೇಳಬೇಕಾಗಿದೆ.

ಇಷ್ಟಾದರೂ ಜನ ನೋಡುತ್ತಾರೆ, ನಾನೂ ನೋಡುತ್ತೇನೆ. ಯಾಕೆಂದರೆ ಹೊರಗಿರುವವರ ನೆನಪಿನ ಊರೂ ಸುಮಾರಾಗಿ ಹೀಗೇ ಇರುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ನಾವು ರಾತ್ರಿ ಹತ್ತಿ ಬೆಳಿಗ್ಗೆ ಊರಲ್ಲಿ ಇಳಿಯುವವರಾದೆವು. ಚೌತಿಗೆ ನಾಲ್ಕು ದಿನ, ದೀಪಾವಳಿಗೆ ಮೂರು ದಿನ. ಸುಣ್ಣ ಬಳಿದ ಗೋಡೆ, ಕಡುಬಿನ ಹಬೆ, ಹೊಸ ಬಟ್ಟೆಯ ಮಕ್ಕಳು. ಐದನೇ ದಿನದ ಊರನ್ನು ನಾವು ನೋಡುವುದೇ ಇಲ್ಲ. ಒಮ್ಮೆ ಫೋನಿನಲ್ಲಿ 'ಅಲ್ಲೇ ಬಂದು ಇದ್ದುಬಿಡುವ ಅನ್ನಿಸ್ತದೆ ಅತ್ತಿಗೆ' ಅಂದೆ. ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: 'ಬಾ ಮಾರಾಯ್ತಿ. ಆದ್ರೆ ಹಬ್ಬಕ್ಕೆ ಬರ್ಬೇಡ. ಆಷಾಢದಲ್ಲಿ ಬಾ. ಅಮ್ಮನನ್ನು ಎತ್ತಿ ಕೂರಿಸ್ಲಿಕ್ಕೆ ಒಂದು ಜನ ಬೇಕು.' ಹಾಲ್‌ಮಾರ್ಕಿನ ಒಂಬತ್ತು ಅಂಕಗಳಲ್ಲಿ ಯಾವುದರಲ್ಲೂ ಈ ಮಾತಿಗೆ ಜಾಗ ಇಲ್ಲ. ಆದರೆ ಪ್ರೀತಿಯ ಕಥೆ ಶುರುವಾಗಬೇಕಾದ್ದು ಇಲ್ಲಿಂದಲೇ ಅಲ್ಲವೇ?

ಓಟಿಟಿಗಳಿಗೆ ಈಗ ದೀಪಾವಳಿ, ಸಂಕ್ರಾಂತಿಯ ಕಥೆಗಳೂ ಬೇಕು. ನಾಳೆ ಕನ್ನಡದಲ್ಲೂ ಯಾರೋ ಇಂಥದ್ದೊಂದನ್ನು ಬರೆದು ಮಾರುತ್ತಾರೆ. ಬರೆಯಲಿ, ಮಾರಲಿ. ನಗಿಸಲಿ, ಮದುವೆಯನ್ನೂ ಮಾಡಿಸಲಿ. ಅವಳು ಊರು ಬಿಟ್ಟ ಕಾರಣವನ್ನು ಮೊದಲ ಅಂಕದಲ್ಲೇ ನಿಜವಾಗಿ ಹೇಳಲಿ, ಅಷ್ಟು ಸಾಕು. ಹಬ್ಬ ಮುಗಿದ ಮಾರನೇ ದಿನದ ಒಂದು ದೃಶ್ಯ ಇಟ್ಟರೆ ಇನ್ನೂ ಒಳ್ಳೆಯದು. ಮತ್ತೆ ಊರಲ್ಲೇ ಇರುವ ನೀವು, ಹಬ್ಬಕ್ಕೆ ಬಂದ ನಮ್ಮಂಥವರು ಜಗಲಿಯಲ್ಲಿ ಕೂತು 'ಇಲ್ಲೇ ಇದ್ದುಬಿಡಬೇಕು' ಅಂತ ರಾಗ ಎಳೆದಾಗ ಸುಮ್ಮನೆ ತಲೆಯಾಡಿಸಬೇಡಿ. 'ಇದ್ದು ಏನು ಕೆಲಸ ಮಾಡ್ತೀರಿ? ಯಾರನ್ನು ನೋಡ್ಕೊಳ್ತೀರಿ?' ಅಂತ ಕೇಳಿ. ಬೇಜಾರಾಗುತ್ತದೆ, ಆದರೂ ಕೇಳಿ. ಉತ್ತರ ಕೊಡಬಲ್ಲವರು ನಮ್ಮಲ್ಲೂ ಕೆಲವರಿದ್ದಾರೆ.