ಗುಂಡಿಗೆ ಇಳಿಯುವವನಿಗೆ ಪಾಠ, ಇಳಿಸುವವನಿಗೆ ಯಾವಾಗ?

ಒಳಚರಂಡಿ ಮತ್ತು ಮಲಗುಂಡಿ ಕೆಲಸದವರಿಗೆ ಸುರಕ್ಷತಾ ತರಬೇತಿ ಕೊಡುವ ಕಾರ್ಯಾಗಾರಗಳು ನಮ್ಮ ನಗರಸಭೆ, ಪುರಸಭೆಗಳಲ್ಲಿ ಈಗ ಹೊಸದೇನಲ್ಲ. 2023ರಲ್ಲಿ ಕೇಂದ್ರದ ನಮಸ್ತೆ ಯೋಜನೆ ಬಂದ ಮೇಲೆ ಇದಕ್ಕೊಂದು ಕ್ರಮವೂ ಸಿಕ್ಕಿದೆ. ಕಾರ್ಮಿಕರನ್ನು ಗುರುತಿಸಿ ಪಟ್ಟಿ ಮಾಡುತ್ತಾರೆ, ಸುರಕ್ಷಾ ಕಿಟ್ ಕೊಡುತ್ತಾರೆ, ತರಬೇತಿ ಕೊಡುತ್ತಾರೆ, ಆಯುಷ್ಮಾನ್ ಆರೋಗ್ಯ ವಿಮೆಗೆ ಸೇರಿಸುತ್ತಾರೆ. ದಶಕಗಟ್ಟಲೆ ಯಾರ ಲೆಕ್ಕಕ್ಕೂ ಸಿಗದಿದ್ದವರ ಹೆಸರು ಸರ್ಕಾರದ ಕಡತಕ್ಕೆ ಬಂತು ಎಂಬುದೇ ದೊಡ್ಡ ಮಾತು. ಈ ಕಾರ್ಯಾಗಾರಗಳು ಬೇಡ ಎನ್ನುವವನು ನಾನಲ್ಲ. ಅವು ಜೀವ ಉಳಿಸುವಂತಿರಬೇಕು ಎಂಬುದಷ್ಟೇ ನನ್ನ ತಕರಾರು.

ಕಾರ್ಯಕ್ರಮದ ರೂಪ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಬ್ಯಾನರ್, ಸ್ವಾಗತ, ಗಣ್ಯರ ಮಾತು. ಆಮೇಲೆ ಪರದೆಯ ಮೇಲೆ ಚಿತ್ರಗಳು: ಕೈಗವಸು ಹಾಕಿ, ಗಮ್‌ಬೂಟು ತೊಡಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ದುಶ್ಚಟ ಬಿಡಿ. ಕಿಟ್ ಹಂಚುವ ಫೋಟೊ, ಹಾಜರಿಗೆ ಸಹಿ ಇಲ್ಲವೇ ಹೆಬ್ಬೆಟ್ಟು, ಊಟ. ಕೈ ತೊಳೆಯುವ ಪಾಠ ಅನಗತ್ಯ ಎನ್ನಲಾರೆ. ಇಲಿಜ್ವರ, ಕಾಮಾಲೆ, ಚರ್ಮರೋಗಗಳು ಈ ಕೆಲಸದ ಬೆನ್ನಿಗೇ ಬರುವಂಥವು. ಆದರೆ ಗುಂಡಿಯಲ್ಲಿ ನಿಮಿಷದೊಳಗೆ ಪ್ರಾಣ ತೆಗೆಯುವುದು ಕೊಳೆಯಲ್ಲ, ಗಾಳಿ.

ಇಡೀ ದಿನ ಗಾಳಿಯ ಪಾಠವೊಂದನ್ನೇ ಕಲಿಸಿದರೂ ಆ ದಿನ ಸಾರ್ಥಕ. ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿಕೊಳ್ಳುತ್ತವೆ, ಆಮ್ಲಜನಕ ಇಳಿಯುತ್ತದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಆದ್ದರಿಂದ ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು ಮುಟ್ಟಿದರೆ ಮೂಗಿನ ಶಕ್ತಿಯೇ ಸತ್ತುಹೋಗುತ್ತದೆ. ನಾತ ನಿಂತಿತು, ಇನ್ನು ಇಳಿಯಬಹುದು ಎಂದುಕೊಳ್ಳುವ ಹೊತ್ತೇ ಅತಿ ಅಪಾಯದ ಹೊತ್ತು. ಕಿಟ್ಟಿನಲ್ಲಿ ಬರುವ ಬಟ್ಟೆಯ ಮಾಸ್ಕು ಧೂಳು ತಡೆದೀತು, ಈ ಅನಿಲವನ್ನು ತಡೆಯದು. ಇದನ್ನು ಬಿಡಿಸಿ ಹೇಳದೆ ಮಾಸ್ಕ್ ಹಂಚಿದರೆ ಕಾರ್ಮಿಕನಿಗೆ ಇಲ್ಲದ ಧೈರ್ಯ ತುಂಬಿ ಕಳಿಸಿದಂತಾಗುತ್ತದೆ.

ಇನ್ನೊಂದು ಸಂಗತಿ ಮನಸ್ಸನ್ನು ಹೆಚ್ಚು ಕಲಕುತ್ತದೆ. ಮೊದಲು ಇಳಿದವನು ಕುಸಿದಾಗ ಅಣ್ಣನೋ ತಮ್ಮನೋ ಜೊತೆಗಾರನೋ ಹಿಂದೆಯೇ ಧುಮುಕುತ್ತಾನೆ, ಅವನೂ ಹೋಗುತ್ತಾನೆ. ಇಕ್ಕಟ್ಟಿನ ಜಾಗಗಳಲ್ಲಿ ಸಾಯುವವರ ಪೈಕಿ ಶೇಕಡಾ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಕಣ್ಣೆದುರು ಒಡಹುಟ್ಟಿದವನು ಬಿದ್ದಾಗ ಸುಮ್ಮನೆ ನಿಲ್ಲುವುದು ಭಾಷಣ ಕೇಳಿ ಬರುವ ವಿದ್ಯೆಯಲ್ಲ. ಮುಕ್ಕಾಲಿ ಚೌಕಟ್ಟು ನಿಲ್ಲಿಸಿ, ಮೈಗೆ ತೊಡಿಸಿದ ಹಾರ್ನೆಸ್‌ಗೆ ಹಗ್ಗ ಕಟ್ಟಿ, ಮೇಲಿನಿಂದಲೇ ಎಳೆದುಕೊಳ್ಳುವುದನ್ನು ಮತ್ತೆ ಮತ್ತೆ ಮಾಡಿಸಿ ಮೈಗೂಡಿಸಬೇಕು. ಗ್ಯಾಸ್ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆಯುವುದನ್ನು ಅವರ ಕೈಯಿಂದಲೇ ಮಾಡಿಸಬೇಕು. ಅದೂ ಅವರ ಮಾತಿನಲ್ಲಿ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಮನೆಯಲ್ಲಿ ತೆಲುಗು ಆಡುವವರು ಬಹಳ. ಕಡತದ ಕನ್ನಡವೂ ಇಂಗ್ಲಿಷಿನ ಪರದೆಯೂ ಅವರಿಗೆ ಅಷ್ಟೇ ದೂರ.

ಇದೆಲ್ಲ ಸರಿಹೋದರೂ ಮೂಲ ದೋಷ ಹಾಗೇ ಉಳಿಯುತ್ತದೆ. 2022 ಮತ್ತು 2023ರಲ್ಲಿ ಎಂಟು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಸಂಭವಿಸಿದ 54 ಸಾವುಗಳ ಬಗ್ಗೆ ಕೇಂದ್ರ ಸರ್ಕಾರವೇ ಸಾಮಾಜಿಕ ಪರಿಶೋಧನೆ ಮಾಡಿಸಿ, 2025ರಲ್ಲಿ ವಿವರವನ್ನು ಸಂಸತ್ತಿನ ಮುಂದಿಟ್ಟಿತು. ಸತ್ತವರಲ್ಲಿ 38 ಮಂದಿಯನ್ನು ಯಾರೋ ಖಾಸಗಿಯಾಗಿ ಕೆಲಸಕ್ಕೆ ಕರೆದಿದ್ದರು. ಸರ್ಕಾರದ ನೌಕರಿಯಲ್ಲಿದ್ದವರು ಐದೇ ಮಂದಿ. 49 ಮಂದಿಯ ಬಳಿ ಯಾವ ಸುರಕ್ಷಾ ಸಾಧನವೂ ಇರಲಿಲ್ಲ. ಅಂದರೆ ಹಾಜರಿ ಪಟ್ಟಿಯಲ್ಲಿ ಇರುವವರಿಗೆ ಪಾಠ ನಡೆಯುತ್ತಿದೆ. ಸಾವು ಬರುತ್ತಿರುವುದು ಬಹುಪಾಲು ಪಟ್ಟಿಯ ಹೊರಗಿನವರಿಗೆ. ಮನೆಯ ಮುಂದೆ ಕೂಲಿ ಮಾತಾಡಿ ಕರೆತಂದವನಿಗೆ ಯಾವ ಕಾರ್ಯಾಗಾರದ ಆಹ್ವಾನವೂ ಹೋಗುವುದಿಲ್ಲ. ಕರೆತಂದ ಮಾಲೀಕನಿಗಂತೂ ಇಲ್ಲವೇ ಇಲ್ಲ.

ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಹೊಣೆಯನ್ನು ಯಾರ ಹೆಗಲ ಮೇಲೆ ಇಟ್ಟಿದೆ ನೋಡಿ. ಸಾಧನ, ಸಲಕರಣೆ, ಮುನ್ನೆಚ್ಚರಿಕೆ ಇಲ್ಲದೆ ಗುಂಡಿಗೆ ಇಳಿಸುವವನು ಅಪರಾಧಿ; ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಇಷ್ಟು ಕಟ್ಟುನಿಟ್ಟಾದ ಕಾನೂನಿನ ಪಾಠವನ್ನು ಕೇಳಬೇಕಾದವರು ಗುತ್ತಿಗೆದಾರರು, ಎಂಜಿನಿಯರುಗಳು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು, ಹೋಟೆಲ್ ಮಾಲೀಕರು. ಅವರನ್ನು ಹೊರಗಿಟ್ಟು ಕಾರ್ಮಿಕನಿಗೆ ಮಾತ್ರ ಎಚ್ಚರಿಕೆ ಹೇಳಿದಾಗ ಒಂದು ಅನ್ಯಾಯವೂ ಸದ್ದಿಲ್ಲದೆ ನಡೆದುಹೋಗುತ್ತದೆ: ನಾಳೆ ಅವನು ಸತ್ತರೆ ‘ತರಬೇತಿ ಕೊಟ್ಟಿದ್ದೆವು’ ಎನ್ನಲು ಅವನ ಹೆಬ್ಬೆಟ್ಟೇ ಸಾಕ್ಷಿಯಾಗುತ್ತದೆ.

1970ರ ದಶಕದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಹೊರುವವರಿಗೆ ಜೋಪಾನವಾಗಿ ಹೊರುವುದನ್ನು ಕಲಿಸುತ್ತ ಅವರು ಕೂರಲಿಲ್ಲ. ಹೊರಿಸಬೇಡಿ ಎಂದು ಆಜ್ಞೆ ಮಾಡಿದರು. ಇಂದಿನ ಕಾರ್ಯಾಗಾರಗಳಿಗೆ ಬೇಕಾದ ನಡೆ ಅದೇ. ‘ನಾನು ಇಳಿಯಲ್ಲ ಸಾರ್, ಮಷಿನ್ ಕರೆಸಿ’ ಎಂದು ಹೇಳುವುದನ್ನು ಅಲ್ಲಿ ಕಲಿಸಬೇಕು. ಹಾಗೆ ಹೇಳಿದವನ ಕೂಲಿ ಕಡಿಯುವುದಿಲ್ಲ, ಕೆಲಸ ಹೋಗುವುದಿಲ್ಲ ಎಂಬ ಭರವಸೆಯನ್ನು ಅದೇ ವೇದಿಕೆಯಿಂದ ಅಧಿಕಾರಿ ಲಿಖಿತವಾಗಿ ಕೊಡಬೇಕು. ಇವೆರಡೂ ಇಲ್ಲದ ಕಾರ್ಯಾಗಾರವನ್ನು ನಾನು ತರಬೇತಿ ಎಂದು ಒಪ್ಪಲಾರೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ, ನಿಮ್ಮ ಅಪಾರ್ಟ್‌ಮೆಂಟಿನ ಗುಂಡಿ ತುಂಬಿದಾಗ ಸಕ್ಕಿಂಗ್ ಗಾಡಿಯನ್ನೇ ಕರೆಸಿ. ಬಂದವನು ತಾನಾಗಿ ‘ಇಳಿದು ತೆಗೀತೀನಿ’ ಎಂದರೂ, ಕಡಿಮೆ ದುಡ್ಡಿಗೆ ಒಪ್ಪಿಕೊಂಡರೂ, ಇಳಿಯಲು ಬಿಡಬೇಡಿ.