ಗುಜರಿಯ ಹೌಸಿಂಗ್, ತೋಟದ ಪಿಕಪ್ಪು

ಹಳೆಯ ಪಿಕಪ್ಪಿನ ಹಿಂದಿನ ಆಕ್ಸಲ್ ಕೈಕೊಟ್ಟರೆ ಹೊಸ ಕ್ರೌನ್-ಪಿನಿಯನ್ ಕೂರಿಸುವ ಗೋಜಿಗೆ ಹೋಗದೆ, ಗುಜರಿಯಿಂದ ಇಡೀ ಹೌಸಿಂಗನ್ನೇ ತಂದು ಕಟ್ಟಿಬಿಡುವುದು ಆಲ್ದೂರು, ಮೂಡಿಗೆರೆ, ಕಳಸದ ಕಡೆ ಅಪರೂಪವೇನಲ್ಲ. ಇದನ್ನು ಕಾಸಿಲ್ಲದವರ ರಿಪೇರಿ ಎಂದು ಹೀಗಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸರಿಯಾಗಿ ಮಾಡಿದರೆ ಇದು ಬುದ್ಧಿವಂತರ ಕೆಲಸ. ನನ್ನ ತಕರಾರೆಲ್ಲ ಅದನ್ನು ಮಾಡುವ ಅವಸರದ ಮೇಲೆ.

ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೋಡಿಯಾಗಿ ತೇಯ್ದು ಬಂದ ಹಲ್ಲುಗಳು. ಹೊಸ ಜೋಡಿ ಕೂರಿಸಬೇಕಾದರೆ ಶಿಮ್ ಎಂಬ ತೆಳು ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು ತೆಗೆದು ಪಿನಿಯನ್ನಿನ ಆಳ ಹೊಂದಿಸಬೇಕು, ಬೇರಿಂಗಿನ ಬಿಗಿ ನೋಡಬೇಕು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಉಜ್ಜಿದ ಗುರುತು ನಡುವೆ ಬಿದ್ದಿದೆಯೇ ಪರೀಕ್ಷಿಸಬೇಕು. ಹಲ್ಲಿನ ಸಂದು ಅಳೆಯಲು ಡಯಲ್ ಗೇಜ್ ಬೇಕು. ಅದಿಲ್ಲದೆ ಅಂದಾಜಿನಲ್ಲಿ ಬಿಗಿದ ಡಿಫರೆನ್ಷಿಯಲ್ಲು ಗಾಡಿ ಹೊರಟ ಕೂಡಲೇ ಊಳಿಡುತ್ತದೆ, ಒಂದೆರಡು ಸೀಸನ್ನಿನಲ್ಲಿ ಹಲ್ಲು ಉದುರಿಸುತ್ತದೆ. ಯಾರೂ ಬಿಚ್ಚದ ಹಳೆಯ ಹೌಸಿಂಗಿನಲ್ಲಿ ಕಾರ್ಖಾನೆಯ ಆ ಹೊಂದಾಣಿಕೆ ಹಾಗೇ ಉಳಿದಿರುತ್ತದೆ. ಅದರ ಬೆಲೆ ಇರುವುದೇ ಅಲ್ಲಿ.

ಆದರೆ ಯಾವ ಹೌಸಿಂಗ್? ಅಗಲ ಸರಿಹೋಯಿತು, ಸ್ಪ್ರಿಂಗ್ ಕೂರುವ ಜಾಗ ಹೊಂದಿತು ಎಂದಷ್ಟೇ ನೋಡಿ ತರುವುದು ದೊಡ್ಡ ತಪ್ಪು. ಮುಂಬೈಯಲ್ಲಿ 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪು ಜೋಡಿಸಲು ತೊಡಗಿದ ಮಹೀಂದ್ರ ಕಂಪನಿಯ ಹಳೆಯ ಗಾಡಿಗಳನ್ನೇ ತೆಗೆದುಕೊಳ್ಳಿ. ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8 ಇದ್ದರೆ ರೇಶಿಯೋ 5.38, 39 ಮತ್ತು 8 ಇದ್ದರೆ 4.88. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗದು. ಫೋರ್ ವೀಲ್ ಜೀಪಿನ ಮುಂದೆ 5.38 ಇಟ್ಟುಕೊಂಡು ಹಿಂದೆ 4.88 ಕಟ್ಟಿದರೆ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ವೇಗದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಜಗಳ. ಕೆಸರಿನಲ್ಲಿ ಟೈರು ಜಾರಿ ಅದನ್ನು ಮರೆಸುತ್ತದೆ. ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದಾಗ ಆ ಏಟೆಲ್ಲ ಟ್ರಾನ್ಸ್‌ಫರ್ ಕೇಸಿಗೆ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ. ಟೂ ವೀಲ್ ಪಿಕಪ್ಪಿನಲ್ಲಿ ಮುರಿಯುವಂಥದ್ದೇನಿಲ್ಲ, ಆದರೆ ರೇಶಿಯೋ ಕಡಿಮೆಯಾದರೆ ತೋಟದ ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಕ್ಲಚ್ ಸುಡುತ್ತದೆ.

ರೇಶಿಯೋ ಪತ್ತೆ ಮಾಡಲು ಡಿಫರೆನ್ಷಿಯಲ್ ಬಿಚ್ಚಬೇಕಾಗಿಲ್ಲ. ಗುಜರಿಯ ನೆಲದ ಮೇಲೇ ಒಂದು ಬದಿಯ ಹಬ್ ಕದಲದಂತೆ ಹಿಡಿಸಿ, ಇನ್ನೊಂದು ಬದಿಯದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪಿನಿಯನ್ನಿನ ಫ್ಲಾಂಜಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರೆ ಸಾಕು. ಐದು ಸುತ್ತು ತುಂಬುವ ಮುನ್ನವೇ ನಿಂತರೆ 4.88, ಐದು ದಾಟಿ ಇನ್ನೂ ಮೂರನೇ ಒಂದು ಭಾಗ ತಿರುಗಿದರೆ 5.38. ಐದು ನಿಮಿಷದ ಕೆಲಸ. ಇದನ್ನು ಮಾಡದೆ ದುಡ್ಡು ಎಣಿಸಿಕೊಡುವುದು ನನಗೆ ಅರ್ಥವೇ ಆಗುವುದಿಲ್ಲ.

ಹಳೆಯ ಜೀಪುಗಳ ಹಿಂದಿನ ಹಬ್ ಟೇಪರ್ ಶಾಫ್ಟಿನ ಮೇಲೆ ಒಂದು ಸಣ್ಣ ಕೀಯ ಆಸರೆಯಲ್ಲಿ ಕೂತಿರುತ್ತದೆ. ಪುಲ್ಲರ್ ಇಲ್ಲದೆ ಸುತ್ತಿಗೆಯಲ್ಲಿ ಬಡಿದು ಬಿಡಿಸಿದ ಆಕ್ಸಲ್ಲಿನ ಬೇರಿಂಗು ಏಟು ತಿಂದಿರುತ್ತದೆ, ಕೀ ಕೂರುವ ಕಚ್ಚು ಅಗಲವಾಗಿರುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ. ಯು-ಬೋಲ್ಟಂತೂ ಹೊಸದೇ ಬೇಕು. ಎಳೆದು ಜಗ್ಗಿದ ಹಳೆಯ ಬೋಲ್ಟಿಗೆ ಮತ್ತೆ ಅದೇ ಬಿಗಿ ಬರುವುದಿಲ್ಲ. ಲೋಡು ಹಾಕಿ ಒಂದೆರಡು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು.

ಮಲೆನಾಡಿನವರು ಬೇರೆಯವರಿಗಿಂತ ಹೆಚ್ಚು ಗಮನ ಕೊಡಬೇಕಾದ ಭಾಗವೊಂದಿದೆ: ಒಳಗಿನ ಗಾಳಿ ಆಡಲೆಂದು ಹೌಸಿಂಗಿನ ಮೇಲಿರುವ ಬೆರಳಷ್ಟು ಗಾತ್ರದ ಬ್ರೀದರ್. ಓಡಿ ಬಿಸಿಯಾದ ಹೌಸಿಂಗ್ ಜೂನ್-ಜುಲೈಯ ಹಳ್ಳದ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದಲೋ ಬ್ರೀದರಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಬ್ರೀದರ್ ಮಣ್ಣು ಕಟ್ಟಿ ಮುಚ್ಚಿಹೋದರೆ ಇದಕ್ಕೆ ತದ್ವಿರುದ್ಧ: ಒಳಗಿನ ಒತ್ತಡಕ್ಕೆ ಆಯಿಲ್ ಸೀಲು ದಾಟಿ ಡ್ರಮ್ಮಿನೊಳಗೆ, ಬ್ರೇಕ್ ಶೂಗಳ ಮೇಲೆ. ಆಕ್ಸಲ್ ಬದಲಿಸಿದರು, ಬ್ರೀದರಿಗೆ ಒಂದು ರಬ್ಬರ್ ಪೈಪು ಹಾಕಿ ಮೇಲಕ್ಕೆ ಎಳೆಯಲಿಲ್ಲ ಎಂದರೆ ಕೆಲಸ ಅರ್ಧಕ್ಕೇ ನಿಂತಂತೆ.

ದೊಡ್ಡ ಗಾಡಿಯ ದಪ್ಪ ಆಕ್ಸಲ್ ಕಟ್ಟಿ ಮೂಟೆ ಹೆಚ್ಚಿಗೆ ಹೇರುವ ಆಸೆಯನ್ನು ಮಾತ್ರ ನಾನು ಖಂಡಿತ ವಿರೋಧಿಸುತ್ತೇನೆ. ಆಕ್ಸಲ್ ದಪ್ಪವಾಯಿತೆಂದು ಛಾಸಿ, ಸ್ಟೇರಿಂಗ್, ಮುಂದಿನ ಬ್ರೇಕ್ ದಪ್ಪವಾಗುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ತಡೆಯುತ್ತದೆ. ವೀಲ್ ಸಿಲಿಂಡರಿನ ಅಳತೆ ಬೇರೆಯಾದರೆ ಮುಂದು-ಹಿಂದಿನ ಬ್ರೇಕಿನ ಹದವೇ ತಪ್ಪುತ್ತದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವ ಗಾಡಿಗೆ ಇದು ಪ್ರಾಣದ ಪ್ರಶ್ನೆ.

ಈ ಕೆಲಸಕ್ಕೆ ಕಾಲವೂ ಇದೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಿ ಕುಯ್ಲು ಶುರುವಾದ ಮೇಲೆ ರಾತ್ರೋರಾತ್ರಿ ಹೌಸಿಂಗ್ ಕಟ್ಟಿ, ಬೆಳಗ್ಗೆ ಅದೇ ಪಿಕಪ್ಪಿನ ಹಿಂದೆ ಆಳುಗಳನ್ನು ನಿಲ್ಲಿಸಿಕೊಂಡು ಹೊರಡುವುದು ಅಕ್ಷಮ್ಯ. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದೇ ತಪ್ಪು. ಹೊಸದಾಗಿ ಕಟ್ಟಿದ, ಪೈಪಿನ ಗಾಳಿ ಪೂರಾ ತೆಗೆಯದ ಬ್ರೇಕಿನ ಮೇಲೆ ತುಂಬುವುದು ಇನ್ನೂ ದೊಡ್ಡ ತಪ್ಪು. ತೋಟದ ಮಾಲೀಕರಲ್ಲಿ ನನ್ನ ಕೇಳಿಕೆ ಇಷ್ಟೆ: ಗೊಬ್ಬರದ ಲೋಡು ಮುಗಿದು ಗಾಡಿ ಶೆಡ್ಡಿನಲ್ಲಿ ನಿಲ್ಲುವ ಮಳೆಗಾಲದಲ್ಲೇ ಆಕ್ಸಲ್ ಬದಲಿಸಿ. ಮೆಕ್ಯಾನಿಕ್ಕಿಗೆ ಎರಡು ದಿನ ಹೆಚ್ಚು ಕೊಡಿ, ಆ ದಿನಗಳ ಕೂಲಿಯನ್ನೂ ಕೊಡಿ. ಮೂಟೆ ಹೇರಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡುವ ತನಕ ಗಾಡಿಯನ್ನು ತೋಟದ ಗೇಟು ದಾಟಿಸಬೇಡಿ.