ಕೊಂಬಿನ ಕುಲ

ತೆಂಗಿನ ಸುಳಿ ಕೊರೆದು ಗರಿಗಳಲ್ಲಿ ತ್ರಿಕೋನದ ಕಡಿತ ಉಳಿಸುವ ಘೇಂಡಾಮೃಗ ದುಂಬಿಯನ್ನು ನಮ್ಮ ತೋಟದವರು ಶತ್ರುವೆಂದೇ ಬಲ್ಲರು. ಅದರ ಬಳಗ ಮಾತ್ರ ಬೆರಗಿನದು. ಸಗಣಿಹುಳುಗಳೂ ಸೇರಿದ ಸ್ಕಾರಬೇಯಿಡೇ ಕುಟುಂಬದೊಳಗೆ ಡೈನಾಸ್ಟಿನೇ ಎಂಬ ಉಪಕುಟುಂಬ. 1,500ಕ್ಕೂ ಹೆಚ್ಚು ಪ್ರಭೇದಗಳು. ಅಮೆರಿಕದ ಉಷ್ಣವಲಯದ ಹರ್ಕ್ಯುಲಿಸ್ ಗಂಡು ಕೊಂಬೂ ಸೇರಿ 17 ಸೆಂ.ಮೀ. ಮುಟ್ಟಬಲ್ಲದು, ತಲೆಯದೊಂದು, ಎದೆಯದೊಂದು ಕೊಂಬು ಇಕ್ಕಳದಂತೆ ಕೂಡಿ ಎದುರಾಳಿಯನ್ನು ಎತ್ತಿ ಎಸೆಯುತ್ತವೆ. ಜಪಾನಿನ ಕಬುತೊಮುಷಿಯದು ಕವಲುಕೊಂಬು, ಮರದಿಂದ ಮೀಟಿ ಕೆಡವಲು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೊಂಬೇ ಇಲ್ಲದ ಸೈಕ್ಲೊಸೆಫಾಲಾ. ಅಮೆಜಾನಿನ ದೈತ್ಯ ನೈದಿಲೆ ಸಂಜೆ ಬಿಳಿಯಾಗಿ ಅರಳಿ, ಒಳಗೆ ಬಿಸಿಯೇರಿ, ಘಮ ಬೀರಿ ಇವನ್ನು ಕರೆಯುತ್ತದೆ. ಆಮೇಲೆ ದುಂಬಿಗಳನ್ನು ಒಳಗಿಟ್ಟುಕೊಂಡೇ ಮುಚ್ಚಿಕೊಳ್ಳುತ್ತದೆ; ಮರುಸಂಜೆ ಕೆಂಪೇರಿ ತೆರೆದು, ಪರಾಗ ಮೆತ್ತಿ ಮತ್ತೊಂದು ಬಿಳಿ ಹೂವಿನತ್ತ ಕಳಿಸುತ್ತದೆ.